ಪ್ರೊಬೇಟ್ ಕೋರ್ಟು ಎಂದರೆ ಯಾವುದು?

2025ನೆಯ ಇಸವಿಯ ಶ್ರಾವಣಮಾಸದ ಒಂದು ಮುಂಜಾನೆ ನಾನೂ ನನ್ನ ಸೋದರತ್ತೆಯೂ ಟಿಳಕವಾಡಿಯಿಂದ ಹೊರಟು ಚನ್ನಮ್ಮ ವೃತ್ತದ ಕಡೆಯ ಕೋರ್ಟಿನ ಆವಾರಕ್ಕೆ ಹೋದೆವು. ಅತ್ತೆಯ ಕೈಯಲ್ಲಿ ಒಂದು ಚೀಲ. ಅದರಲ್ಲಿ ಅಜ್ಜನ ಮೃತ್ಯುಪತ್ರ, ಮರಣದ ದಾಖಲೆ, ಸಿಟಿ ಸರ್ವೆ ಉತಾರ, ಮಧ್ಯಾಹ್ನಕ್ಕೆಂದು ಕಟ್ಟಿಕೊಂಡ ನಾಲ್ಕು ರೊಟ್ಟಿ. ನಾವು ಹುಡುಕುತ್ತಿದ್ದುದು ‘ಪ್ರೊಬೇಟ್ ಕೋರ್ಟ’ನ್ನು. ಫಲಕಗಳಿಗೇನೂ ಅಲ್ಲಿ ಕೊರತೆಯಿರಲಿಲ್ಲ. ಜಿಲ್ಲಾ ನ್ಯಾಯಾಧೀಶರು, ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶರು, ಹಿರಿಯ ಸಿವಿಲ್ ನ್ಯಾಯಾಧೀಶರು ಎಂದು ಒಂದೊಂದನ್ನೂ ನಾನು ಗಟ್ಟಿಯಾಗಿ ಓದುತ್ತ ಹೋದೆ. ಅತ್ತೆ “ಇದಲ್ಲ, ಮುಂದ ನೋಡು” ಎನ್ನುತ್ತ ಬಂದಳು. ಎರಡು ಸುತ್ತು ತಿರುಗಿದ ಮೇಲೆ ಮರದ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದ ವಯಸ್ಸಾದ ವಕೀಲರೊಬ್ಬರನ್ನು ಕೇಳಿದೆವು. ಅವರು ನಕ್ಕು, “ಅವ್ವಾ, ಆ ಹೆಸರಿನ ಬೋರ್ಡ ಇಲ್ಲಿ ಇಲ್ಲ. ನೀವು ಮೊದಲ ದಾಟಿ ಬಂದ ಬಾಗಲಾನ ಅದು” ಎಂದರು. ಮೊದಲು ದಾಟಿ ಬಂದದ್ದು ಜಿಲ್ಲಾ ನ್ಯಾಯಾಧೀಶರ ಬಾಗಿಲು.

ಬಿ.ಎ. ಅಂತಿಮ ವರ್ಷದವಳಾದ ನನಗೆ ಆ ಹೊತ್ತು ಆದ ನಾಚಿಕೆಯನ್ನು ಸಹಪಾಠಿಗಳ ಮುಂದೆ ಹೇಳಿಕೊಳ್ಳಲು ಸಂಕೋಚವಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹೀಗಾಗಿ ನೋಟೀಸು ಬರಲಿ, ಲೈಟ್ ಬಿಲ್ಲು ಬರಲಿ, ಬ್ಯಾಂಕಿನ ಕಾಗದ ಬರಲಿ, ಎಲ್ಲರೂ ಅದನ್ನು ನನ್ನ ಕೈಗೆ ಕೊಟ್ಟು ಮುಖ ನೋಡುತ್ತಾರೆ. ರಾಜ್ಯಶಾಸ್ತ್ರದ ಪತ್ರಿಕೆಯಲ್ಲಿ ನ್ಯಾಯಾಂಗದ ರಚನೆಯನ್ನು ಬರೆದು ಒಳ್ಳೆಯ ಅಂಕ ಪಡೆದವಳಿಗೆ ಇಲ್ಲದ ಕೋರ್ಟನ್ನು ಹುಡುಕುತ್ತಿದ್ದೇನೆಂಬುದೇ ತಿಳಿದಿರಲಿಲ್ಲ. ಅಂದಿನಿಂದ ನಾನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನೂ, ಅದರಿಂದ ನನಗೆ ಮೂಡಿದ ಅಭಿಪ್ರಾಯವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಾಯದೆ ಕಲಿತವರು ಇದನ್ನು ಓದಿ ತಪ್ಪು ತಿದ್ದಿದರೆ ಉಪಕಾರ.

ಮೊದಲು ಮನೆಯ ಸಂಗತಿ. ನನ್ನ ಅಜ್ಜ ಖಾನಾಪುರ ತಾಲೂಕಿನ ಹಳ್ಳಿಯಿಂದ ಬೆಳಗಾವಿಗೆ ಬಂದವರು. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ದುಡಿದು, ರೈಲ್ವೆ ಗೇಟಿನ ಆಚೆಯ ಓಣಿಯಲ್ಲಿ 1989ರಲ್ಲಿ ಎರಡು ಕೋಣೆಯ ಮನೆ ಕೊಂಡರು. ಮಕ್ಕಳು ಮೂವರು: ಅತ್ತೆ, ನನ್ನ ತಂದೆಯವರು, ಕಾಕಾ. ಗಂಡ ತೀರಿದ ಮೇಲೆ ತವರಿಗೆ ಬಂದ ಅತ್ತೆಯೇ ಅಜ್ಜನ ಕೊನೆಯ ಹನ್ನೊಂದು ವರ್ಷ ಅವರನ್ನು ನೋಡಿಕೊಂಡಳು. 2018ರಲ್ಲಿ ಅಜ್ಜ ಆ ಮನೆಯನ್ನು ಅವಳ ಹೆಸರಿಗೆ ಮೃತ್ಯುಪತ್ರ ಬರೆದು ರಜಿಸ್ಟರ್ ಮಾಡಿಸಿದರು, 2023ರಲ್ಲಿ ತೀರಿಕೊಂಡರು. ಉತಾರದಲ್ಲಿ ಹೆಸರು ಬದಲಿಸಲು ಅತ್ತೆ ವರದಿ ಕೊಡಹೋದಾಗ ಕಚೇರಿಯೊಂದರಲ್ಲಿ “ಪ್ರೊಬೇಟ ತರ್ರಿ” ಎಂದರಂತೆ. ಮನೆಗೆ ಬಂದರೆ ಕಾಕಾ ಅದನ್ನೇ ಹಿಡಿದು ಕುಳಿತರು: “ನಾವು ಮೂಲತಃ ಮುಂಬಯಿ ಪ್ರಾಂತದವರು. ಮುಂಬಯಿ ಕಾಯದೆ ಪ್ರಕಾರ ಪ್ರೊಬೇಟ ಕೋರ್ಟಿನ ಶಿಕ್ಕಾ ಇಲ್ಲದ ಮೃತ್ಯುಪತ್ರ ಬರೇ ಕಾಗದ. ಮೂರು ವಾಟಣಿ ಆಗಲಿ.”

ಮೃತ್ಯುಪತ್ರ ಇಲ್ಲದಿದ್ದಲ್ಲಿ, ಅಜ್ಜಿ ಮೊದಲೇ ತೀರಿದ್ದುದರಿಂದ, 1956ರ ಹಿಂದೂ ಉತ್ತರಾಧಿಕಾರ ಕಾಯದೆಯ ಮೇರೆಗೆ ಮೂವರು ಮಕ್ಕಳಿಗೂ ಸಮಪಾಲು. ಅಂದರೆ ನನ್ನ ತಂದೆಯವರಿಗೂ ಮೂರನೆಯ ಒಂದು ಪಾಲು ಬರುತ್ತಿತ್ತು. ಆ ಪಾಲು ಬಂದಿದ್ದರೆ ನನ್ನ ಮುಂದಿನ ಎಂ.ಎ. ವ್ಯಾಸಂಗದ ಚಿಂತೆ ಹಗುರವಾಗುತ್ತಿತ್ತೆಂಬುದನ್ನು ಓದುಗರಿಂದ ಮುಚ್ಚಿಡುವುದು ಸರಿಯಲ್ಲ. ಆದ್ದರಿಂದ ಕೆಳಗೆ ಬರೆಯುವುದನ್ನು ನನ್ನ ಲಾಭಕ್ಕೆ ಬರೆದೆನೆಂದು ಯಾರೂ ಭಾವಿಸಬೇಕಾಗಿಲ್ಲ.

‘ಪ್ರೊಬೇಟ್’ ಎಂಬುದು ಲ್ಯಾಟಿನ್ ಮೂಲದ ಶಬ್ದ. ಸಿದ್ಧಪಡಿಸು, ರುಜುವಾತು ಮಾಡು ಎಂದು ಮೂಲಾರ್ಥ. 1925ರ ಭಾರತೀಯ ಉತ್ತರಾಧಿಕಾರ ಕಾಯದೆಯ 2ನೆಯ ಕಲಮಿನಲ್ಲಿ ಇದರ ವ್ಯಾಖ್ಯೆಯಿದೆ. ತಾತ್ಪರ್ಯವಿಷ್ಟು: ಅಧಿಕಾರವುಳ್ಳ ನ್ಯಾಯಾಲಯವು ತನ್ನ ಮೊಹರಿನಡಿ ದೃಢೀಕರಿಸಿ, ತೀರಿದವನ ಆಸ್ತಿಯ ಆಡಳಿತವನ್ನು ನಡೆಸುವ ಅಧಿಕಾರದೊಡನೆ ಕೊಡುವ ಮೃತ್ಯುಪತ್ರದ ಪ್ರತಿಯೇ ಪ್ರೊಬೇಟು. ಮೈಸೂರು ಕಡೆಯವರು ಉಯಿಲು ಎನ್ನುವುದನ್ನು ನಾವು ಮೃತ್ಯುಪತ್ರ ಎನ್ನುತ್ತೇವೆ. ನಮ್ಮ ಓಣಿಯ ಮರಾಠಿ ನೆರೆಯವರೂ ಮೃತ್ಯುಪತ್ರವೆಂದೇ ಅನ್ನುತ್ತಾರೆ. ಈ ಒಂದು ಪದದ ಮಟ್ಟಿಗಾದರೂ ಟಿಳಕವಾಡಿಯಲ್ಲಿ ಗಡಿತಂಟೆಯಿಲ್ಲ.

ಆ ವ್ಯಾಖ್ಯೆಯಲ್ಲಿ ‘ಪ್ರೊಬೇಟ್ ಕೋರ್ಟು’ ಎಂಬ ಮಾತಿಲ್ಲವೆಂಬುದನ್ನು ಗಮನಿಸಬೇಕು. ಇರುವುದು ‘ಅಧಿಕಾರವುಳ್ಳ ನ್ಯಾಯಾಲಯ’. ಪ್ರೊಬೇಟನ್ನು ಕೊಡುವ, ಹಿಂತೆಗೆದುಕೊಳ್ಳುವ ಅಧಿಕಾರವನ್ನು ಅದೇ ಕಾಯದೆಯ 264ನೆಯ ಕಲಮು ಜಿಲ್ಲಾ ನ್ಯಾಯಾಧೀಶರಿಗೆ ಕೊಟ್ಟಿದೆ. 300ನೆಯ ಕಲಮಿನ ಮೇರೆಗೆ ಹೈಕೋರ್ಟಿಗೂ ಆ ಅಧಿಕಾರವುಂಟು. ತಕರಾರಿಲ್ಲದ ಅರ್ಜಿಗಳ ಮಟ್ಟಿಗೆ ಹೈಕೋರ್ಟು ‘ಜಿಲ್ಲಾ ಪ್ರತಿನಿಧಿ’ ಎಂದು ಕೆಳಗಿನ ನ್ಯಾಯಾಧೀಶರನ್ನು ನೇಮಿಸಬಹುದು. ತಕರಾರು ಎದ್ದೊಡನೆ ಅವರ ಕೈ ಕಟ್ಟುತ್ತದೆ, ಕಾಗದಗಳು ಜಿಲ್ಲಾ ನ್ಯಾಯಾಧೀಶರಲ್ಲಿಗೆ ಹೋಗಬೇಕು. ಬೆಂಗಳೂರು ನಗರದಲ್ಲಿ ಇದೇ ಕೆಲಸ ಸಿಟಿ ಸಿವಿಲ್ ಕೋರ್ಟಿನದು. ಹೀಗಿರುವಲ್ಲಿ ‘ಪ್ರೊಬೇಟ್ ಕೋರ್ಟು’ ಎಂಬುದು ಒಂದು ಕಟ್ಟಡದ ಹೆಸರಲ್ಲ, ಒಬ್ಬ ನ್ಯಾಯಾಧೀಶರ ಹುದ್ದೆಯ ಹೆಸರೂ ಅಲ್ಲ. ಬೆಳಿಗ್ಗೆ ಖೂನಿ ಖಟ್ಲೆ ನಡೆಸಿದ ನ್ಯಾಯಾಧೀಶರೇ ಮಧ್ಯಾಹ್ನ ಮೃತ್ಯುಪತ್ರದ ಅರ್ಜಿಯನ್ನು ಕೈಗೆತ್ತಿಕೊಂಡಾಗ, ಆ ಅರ್ಜಿ ಮುಗಿಯುವ ತನಕ ಅವರು ಪ್ರೊಬೇಟ್ ಕೋರ್ಟು.

ಬೇರೆ ದೇಶಗಳಲ್ಲಿ ಹೀಗಿಲ್ಲವೆಂಬುದೂ ನಿಜ. ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಮೃತ್ಯುಪತ್ರದ ವಿಚಾರಣೆ ಇಗರ್ಜಿಯ ನ್ಯಾಯಾಲಯಗಳದಾಗಿದ್ದಿತು. 1857ರ ಕಾಯದೆಯಿಂದ ಅದನ್ನು ಕಿತ್ತು ‘ಕೋರ್ಟ್ ಆಫ್ ಪ್ರೊಬೇಟ್’ ಎಂಬ ಪ್ರತ್ಯೇಕ ನ್ಯಾಯಾಲಯಕ್ಕೆ ಕೊಟ್ಟರು. ಅದೂ ಇಪ್ಪತ್ತು ವರ್ಷ ತುಂಬುವ ಮೊದಲೇ ಹೈಕೋರ್ಟಿನಲ್ಲಿ ಕರಗಿತು. ಅಮೇರಿಕೆಯ ನ್ಯೂಯಾರ್ಕಿನಲ್ಲಿ ಇಂದಿಗೂ ಸರೋಗೇಟ್ ಕೋರ್ಟು ಎಂದೊಂದಿದೆ. ಪೆನ್ಸಿಲ್ವೇನಿಯಾದಲ್ಲಿ ಅದರ ಹೆಸರು ಅನಾಥರ ಕೋರ್ಟು. ಅನಾಥರ ಕೋರ್ಟು! ಅತ್ತೆಗೆ ಇದನ್ನು ಹೇಳಿದಾಗ “ಹಂಗಾದರ ನಾವು ಸರಿಯಾದ ಕೋರ್ಟಿಗೇ ಹೊಂಟಿದ್ವಿ ಬಿಡು” ಎಂದು ನಕ್ಕಳು. ಸಿನೆಮಾದಲ್ಲಿಯೂ ಕಾದಂಬರಿಯಲ್ಲಿಯೂ ಈ ಹೆಸರುಗಳನ್ನು ಕೇಳಿ ನಮ್ಮಲ್ಲಿಯೂ ಅಂಥದೊಂದು ಕೋರ್ಟು ಇದ್ದೇ ಇದೆಯೆಂದು ನಾವು ನಂಬುತ್ತೇವೆ.

ಇನ್ನು ಕಾಕಾ ಅವರ ‘ಮುಂಬಯಿ ಪ್ರಾಂತ’ದ ವಾದ. ಬೆಳಗಾವಿಯವರಿಗೆ ಮುಂಬಯಿ ಎಂಬ ಹೆಸರು ಕೇಳಿದರೆ ಕಿವಿ ನಿಮಿರುವುದು ಸಹಜ. ಈ ಜಿಲ್ಲೆ 1956ರ ನವೆಂಬರ 1ರ ತನಕ ಮುಂಬಯಿ ಆಡಳಿತದಲ್ಲಿದ್ದುದು ಸತ್ಯವೇ. ಆದರೆ ಪ್ರೊಬೇಟಿನ ಕಡ್ಡಾಯ ಇಡೀ ಮುಂಬಯಿ ಪ್ರಾಂತಕ್ಕೆ ಯಾವ ಕಾಲದಲ್ಲಿಯೂ ಇರಲಿಲ್ಲ. ಇದರ ಬೇರು 1870ರ ಹಿಂದೂ ವಿಲ್ಸ್ ಕಾಯದೆಯಲ್ಲಿದೆ. ಆ ಕಾಯದೆಯನ್ನು ಬಂಗಾಲದ ಲೆಫ್ಟೆನೆಂಟ್ ಗವರ್ನರರ ಆಡಳಿತದ ಸೀಮೆಗೂ, ಮದ್ರಾಸು ಮತ್ತು ಮುಂಬಯಿ ಹೈಕೋರ್ಟುಗಳ ಮೂಲ ಸಿವಿಲ್ ಅಧಿಕಾರದ ಎಲ್ಲೆಗೂ ಅನ್ವಯಿಸಿದ್ದರು. ಈ ಕೊನೆಯ ಮಾತಿನಲ್ಲಿಯೇ ಗುಟ್ಟಿದೆ. ಹೈಕೋರ್ಟಿನ ‘ಮೂಲ ಸಿವಿಲ್ ಅಧಿಕಾರದ ಎಲ್ಲೆ’ ಎಂದರೆ ಮುಂಬಯಿ ಪಟ್ಟಣ, ಪ್ರಾಂತವಲ್ಲ. ಬೆಳಗಾವಿ, ಧಾರವಾಡ, ಪುಣೆ, ಸಾತಾರೆಗಳು ಆ ಎಲ್ಲೆಯ ಹೊರಗೆ. 1925ರ ಕಾಯದೆ ಅದನ್ನೇ 57ನೆಯ ಕಲಮಿನಲ್ಲಿ ಎತ್ತಿಟ್ಟುಕೊಂಡಿತು. ಪ್ರೊಬೇಟು ಇಲ್ಲದೆ ಮೃತ್ಯುಪತ್ರದ ಮೇಲೆ ನ್ಯಾಯಾಲಯದಲ್ಲಿ ಹಕ್ಕು ಸ್ಥಾಪಿಸಲಾಗದೆಂದು ಹೇಳುವ 213ನೆಯ ಕಲಮನ್ನು ಹಿಂದೂ, ಜೈನ, ಬೌದ್ಧ, ಸಿಖ್ಖರ ಮಟ್ಟಿಗೆ ಆ ಸೀಮೆಗಳಲ್ಲಿ ಬರೆದ, ಅಥವಾ ಆ ಸೀಮೆಗಳ ಸ್ಥಿರಾಸ್ತಿಯನ್ನು ಕುರಿತ ಮೃತ್ಯುಪತ್ರಗಳಿಗಷ್ಟೇ ಕಟ್ಟಿಹಾಕಿತು.

ಆದುದರಿಂದ ಬೆಳಗಾವಿಯ ಹಿಂದೂ ಒಬ್ಬ ಬೆಳಗಾವಿಯಲ್ಲಿಯೇ ಕುಳಿತು ಬೆಳಗಾವಿಯ ಮನೆಗೆ ಮೃತ್ಯುಪತ್ರ ಬರೆದರೆ ಪ್ರೊಬೇಟು ಕಡ್ಡಾಯವಲ್ಲ; 1930ರಲ್ಲಿ ಬರೆದಿದ್ದರೂ ಅಲ್ಲ, 2018ರಲ್ಲಿ ಬರೆದುದಕ್ಕೂ ಅಲ್ಲ. ಅದೇ ಮನುಷ್ಯನಿಗೆ ದಾದರಿನಲ್ಲಿ ಒಂದು ಕೋಣೆ ಸ್ವಂತದ್ದಿದ್ದು ಅದನ್ನೂ ಸೇರಿಸಿ ಬರೆದಿದ್ದರೆ ಆ ಮಾತು ಬೇರೆಯಾಗುತ್ತಿತ್ತು. ಖಾನಾಪುರದ ಕ್ರೈಸ್ತ ಬಾಂಧವರಿಗಂತೂ 2002ರ ತಿದ್ದುಪಡಿಯ ತನಕ ಊರು ಯಾವುದೇ ಇದ್ದರೂ ಪ್ರೊಬೇಟು ಬೇಕಾಗುತ್ತಿತ್ತು. ಪಕ್ಕದ ಮನೆಯ ಹಿಂದೂವಿಗೂ ಮುಸಲ್ಮಾನನಿಗೂ ಬೇಕಿರಲಿಲ್ಲ. ಒಂದೇ ಓಣಿ, ಒಂದೇ ಅಳತೆಯ ಮನೆ, ಒಂದೇ ಬಗೆಯ ಕಾಗದ. ನಿಯಮ ಮಾತ್ರ ಬೇರೆ ಬೇರೆ. ಇಂಥ ಭೇದಕ್ಕೆ ನನಗೆ ಯಾವ ನ್ಯಾಯವೂ ಕಾಣುವುದಿಲ್ಲ.

ನಮ್ಮ ಮನೆಯ ವಾದ ನಡೆದಿರುವಾಗಲೇ 2025ರ ಡಿಸೆಂಬರಿನಲ್ಲಿ ಸಂಸತ್ತು ರದ್ದತಿ ಮತ್ತು ತಿದ್ದುಪಡಿ ಕಾಯದೆಯನ್ನು ಮಾಡಿ ಈ 213ನೆಯ ಕಲಮನ್ನೇ ತೆಗೆದುಹಾಕಿತು. ಒಳ್ಳೆಯ ಕೆಲಸವಾಯಿತು. ಬ್ರಿಟಿಷರ ವ್ಯಾಪಾರದ ಪಟ್ಟಣಗಳಿಗಾಗಿ ಎಳೆದ ಗೆರೆ ನೂರೈವತ್ತು ವರ್ಷದ ಮೇಲೆ ಅಳಿಯಿತು. ಆದರೆ ಈ ಸುದ್ದಿ ಬಂದ ಮರುವಾರವೇ ಓಣಿಯಲ್ಲಿ ಹೊಸ ತಪ್ಪು ತಿಳಿವಳಿಕೆ ಹುಟ್ಟಿಕೊಂಡಿತು: “ಪ್ರೊಬೇಟ ಕೋರ್ಟ ಮುಚ್ಚಿದರಂತ!” ಇಲ್ಲದ ಕೋರ್ಟನ್ನು ಮುಚ್ಚುವುದೆಂತು? ಹೋದದ್ದು ಕಡ್ಡಾಯ, ಅಧಿಕಾರ ಹೋಗಿಲ್ಲ. ಬೇಕೆನ್ನುವವನು ಇಂದಿಗೂ ಜಿಲ್ಲಾ ನ್ಯಾಯಾಧೀಶರಲ್ಲಿ ಅರ್ಜಿ ಕೊಟ್ಟು ಪ್ರೊಬೇಟು ಪಡೆಯಬಹುದು.

ಬೇಡವಾದ ಮೇಲೆ ಯಾರಿಗೆ ಬೇಕು ಎಂದು ಕೇಳಬಹುದು. ನಾನೂ ಮೊದಲು ಹಾಗೆಯೇ ಎಂದುಕೊಂಡೆ. ಕಾಕಾ ಸೋತರು, ಅತ್ತೆ ಗೆದ್ದಳು, ಕಥೆ ಮುಗಿಯಿತು ಎಂದು ಮನಸ್ಸಿನಲ್ಲಿಯೇ ಹಿಗ್ಗಿದ್ದೆ. ಓದುತ್ತ ಹೋದಂತೆ ಹಿಗ್ಗು ಇಳಿಯಿತು.

ಪ್ರೊಬೇಟು ಬೇಕಿಲ್ಲವೆಂದರೆ ಮೃತ್ಯುಪತ್ರವನ್ನು ರುಜುವಾತು ಮಾಡುವುದೇ ಬೇಕಿಲ್ಲವೆಂದು ಅರ್ಥವಲ್ಲ. ಯಾರಾದರೂ ದಾವೆ ಹಾಕಿದ ದಿನ ಅದನ್ನು ಸಿದ್ಧಪಡಿಸಲೇಬೇಕು. 63ನೆಯ ಕಲಮಿನ ಪ್ರಕಾರ ಬರೆದವನ ಸಹಿ ಅಥವಾ ಗುರುತು ಇರಬೇಕು, ಇಬ್ಬರಾದರೂ ಸಾಕ್ಷಿದಾರರು ಅದಕ್ಕೆ ಸಾಕ್ಷಿಯಾಗಿ ಅವನ ಸಮಕ್ಷಮದಲ್ಲಿ ಸಹಿ ಮಾಡಿರಬೇಕು. ಅವರಲ್ಲಿ ಒಬ್ಬನಾದರೂ ಬದುಕಿದ್ದು ಕೋರ್ಟಿಗೆ ಬರಬಲ್ಲವನಾಗಿದ್ದರೆ ಅವನನ್ನು ಕರೆಸಿ ನುಡಿಸಲೇಬೇಕೆಂದು ಸಾಕ್ಷ್ಯದ ಕಾಯದೆ ಹೇಳುತ್ತದೆ. ರಜಿಸ್ಟರ್ ಆಗಿದೆಯೆಂಬ ಮಾತ್ರಕ್ಕೆ ಈ ಹೊಣೆ ತಪ್ಪುವುದಿಲ್ಲ. ಮೃತ್ಯುಪತ್ರವನ್ನು ರಜಿಸ್ಟರ್ ಮಾಡಿಸುವುದು ಐಚ್ಛಿಕ. ಅದು ಬಲ ಕೊಡುತ್ತದೆ, ಸಿದ್ಧತೆಯ ಸ್ಥಾನ ತುಂಬುವುದಿಲ್ಲ.

ಇದಕ್ಕಿಂತ ಕಠಿಣವಾದ ಮಾತೊಂದಿದೆ. ನಮ್ಮದೇ ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಎಂಬ ಮೊಕದ್ದಮೆ ಇಂದಿಗೂ ಮೃತ್ಯುಪತ್ರದ ವ್ಯಾಜ್ಯಗಳಲ್ಲೆಲ್ಲ ಉದ್ಧೃತವಾಗುತ್ತದೆ. 1958ರ ನವೆಂಬರಿನ ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರು, ತರುಣರಾಗಿದ್ದಾಗ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಮೃತ್ಯುಪತ್ರವು ಇತರ ದಸ್ತೈವಜುಗಳಂತಲ್ಲ, ಬರೆದವನು ಬಂದು ಹೌದು ಅಲ್ಲವೆಂದು ಹೇಳಲಾರನು. ಆದಕಾರಣ ಅದನ್ನು ಮುಂದಿಡುವವರು ನ್ಯಾಯಾಲಯದ ಅಂತಃಸಾಕ್ಷಿಗೆ ಒಪ್ಪುವಂತೆ ಸಂದೇಹಗಳನ್ನೆಲ್ಲ ನಿವಾರಿಸಬೇಕು, ಅವರೇ ಅದರ ಬರವಣಿಗೆಯಲ್ಲಿ ಮುಂದಾಗಿ ಪಾಲುಗೊಂಡು ಅವರೇ ಅದರಿಂದ ಹೆಚ್ಚಿನ ಲಾಭ ಪಡೆದಿದ್ದರೆ ಅದೂ ಒಂದು ಸಂದೇಹಾಸ್ಪದ ಸಂಗತಿಯೇ ಎಂಬುದು ಆ ತೀರ್ಪಿನ ಸಾರ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಜ್ಜನನ್ನು ಆಟೋದಲ್ಲಿ ಕೂರಿಸಿಕೊಂಡು ರಜಿಸ್ಟ್ರಾರ ಕಚೇರಿಗೆ ಕರೆದುಕೊಂಡು ಹೋದವಳು ಅತ್ತೆಯೇ. ಆಗ ಅಜ್ಜನ ಮೊಳಕಾಲು ನೋವು ನಮಗೆಲ್ಲ ಗೊತ್ತಿತ್ತು. ಕೋಲಿಲ್ಲದೆ, ಜೊತೆಯಿಲ್ಲದೆ ಅವರು ಹೊಸ್ತಿಲು ದಾಟುತ್ತಿರಲಿಲ್ಲ. ಮಗಳು ತಂದೆಯ ಕೈ ಹಿಡಿದು ನಡೆಸಿದ್ದು ನಮ್ಮ ಕಣ್ಣಿಗೆ ಸೇವೆ. ಎದುರು ಪಕ್ಷದ ವಕೀಲರ ಬಾಯಲ್ಲಿ ಅದೇ ‘ಮುಂದಾಗಿ ಪಾಲುಗೊಂಡದ್ದು’ ಆಗಬಹುದು. ನ್ಯಾಯಾಲಯ ಇದನ್ನು ಕೇಳುವುದು ತಪ್ಪೆಂದು ನಾನು ಹೇಳಲಾರೆ. ಸಾಯುವ ಮುದುಕರ ಹೆಬ್ಬೆಟ್ಟನ್ನು ಹಿಡಿದು ಒತ್ತಿಸಿಕೊಂಡ ಮನೆಗಳೂ ಉಂಟು. ಕೇಳುವವರಿಲ್ಲದಿದ್ದರೆ ಅತ್ತೆಯಂಥ ಹೆಂಗಸರೇ ಮೊದಲು ಬೀದಿಗೆ ಬೀಳುವವರು. ಅಜ್ಜನ ಕಾಗದಕ್ಕೆ ಸಾಕ್ಷಿ ಹಾಕಿದವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಇನ್ನೊಬ್ಬರು ನಮ್ಮ ಓಣಿಯ ನಿವೃತ್ತ ಮಾಸ್ತರರು. ವಯಸ್ಸು 78, ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದೆ, ನೆನಪು ಮಾತ್ರ ಚೆನ್ನಾಗಿದೆ.

ಹೀಗಾಗಿ ನನ್ನ ಅಭಿಪ್ರಾಯ ಅರ್ಧಕ್ಕೆ ತಿರುಗಿತು. ಕಾಯದೆ ಕೇಳದಿದ್ದರೂ ಅತ್ತೆ ಅರ್ಜಿ ಹಾಕುವುದೇ ಲೇಸು. ಮಾಸ್ತರರು ಗಟ್ಟಿಯಾಗಿರುವಾಗಲೇ ಹಾಕಬೇಕು. ಏಕೆಂದರೆ ಪ್ರೊಬೇಟಿನ ತೀರ್ಪು ಇಬ್ಬರು ಪಕ್ಷಗಾರರ ನಡುವಿನ ತೀರ್ಪಲ್ಲ. ಅದು ಲೋಕಕ್ಕೆಲ್ಲ ಬದ್ಧವಾದದ್ದು. ಸೂಕ್ತ ಕಾರಣ ತೋರಿಸಿ ಅದನ್ನು ರದ್ದುಪಡಿಸುವ ತನಕ ನಾಳೆ ಕಾಕಾನ ಮಕ್ಕಳಾಗಲಿ, ನಾನಾಗಲಿ, ನನ್ನ ತಮ್ಮನಾಗಲಿ ‘ಆ ಮೃತ್ಯುಪತ್ರ ಸುಳ್ಳು’ ಎಂದು ಹೊಸದಾಗಿ ಎಬ್ಬಿಸುವಂತಿಲ್ಲ. ಕೋರ್ಟು ಫೀ ಆಸ್ತಿಯ ಬೆಲೆಯ ಮೇಲೆ ಬೀಳುತ್ತದೆ, ಅದು ಹೊರೆಯೇ. ಮುಂದಿನ ಪೀಳಿಗೆಯ ವ್ಯಾಜ್ಯಕ್ಕೆ ಹೋಲಿಸಿದರೆ ಸಣ್ಣ ಹೊರೆ.

ಇಲ್ಲಿಯೂ ಒಂದು ವಿಚಿತ್ರವಿದೆ. ಅತ್ತೆಗೆ ಪ್ರೊಬೇಟು ಸಿಗುವುದೇ ಇಲ್ಲ! 222ನೆಯ ಕಲಮಿನ ಪ್ರಕಾರ ಮೃತ್ಯುಪತ್ರದಲ್ಲಿ ನೇಮಿಸಿದ ಎಕ್ಸಿಕ್ಯೂಟರನಿಗೆ ಮಾತ್ರ ಪ್ರೊಬೇಟು. ಅಜ್ಜ ಯಾರನ್ನೂ ಹಾಗೆ ನೇಮಿಸಿಲ್ಲ. ಅಂಥಲ್ಲಿ ದೊರೆಯುವುದು ಮೃತ್ಯುಪತ್ರ ಲಗತ್ತಿಸಿದ ‘ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಶನ್’, ಅಂದರೆ ಆಡಳಿತಪತ್ರ. ಕಚೇರಿಯಲ್ಲಿ ಕೇಳಿದ ಕಾಗದ ಕಾಯದೆಗೂ ಬೇಕಿರಲಿಲ್ಲ, ಬೇಕಾಗಿದ್ದರೂ ಅದು ಆ ಹೆಸರಿನ ಕಾಗದವಾಗಿರುತ್ತಿರಲಿಲ್ಲ. ಬ್ಯಾಂಕಿನಲ್ಲಿ ಕೇಳುವ ‘ಸಕ್ಸೆಶನ್ ಸರ್ಟಿಫಿಕೇಟ್’ ಇನ್ನೂ ಬೇರೆ. ಅದು ಠೇವಣಿ, ಸಾಲ, ಶೇರುಗಳಂಥ ಬಾಬತ್ತಿಗೆ, ಮನೆಗಲ್ಲ. ಈ ಮೂರನ್ನೂ ಒಂದೇ ಎಂದು ತಿಳಿದು ಜನ ಅಲೆಯುತ್ತಿದ್ದಾರೆ.

ಕಾಕಾ ಈಚೆಗೆ ವಾದ ಬದಲಿಸಿದ್ದಾರೆ. ಮನೆ ಕೊಳ್ಳುವಾಗ ತಾವೂ ಹಣ ಹಾಕಿದ್ದರಿಂದ ಅದು ಅಜ್ಜನೊಬ್ಬರದೇ ಅಲ್ಲವೆನ್ನುತ್ತಾರೆ. ಅದು ನಿಜವೋ ಸುಳ್ಳೋ, ಅದನ್ನು ಪ್ರೊಬೇಟಿನ ನ್ಯಾಯಾಲಯ ತೀರ್ಮಾನಿಸುವುದಿಲ್ಲ. ಈ ಕಾಗದ ತೀರಿದವನ ಕೊನೆಯ ಮೃತ್ಯುಪತ್ರವೇ, ಕಾಯದೆಯಂತೆ ಸಹಿಸಾಕ್ಷಿಗಳಾಗಿವೆಯೇ, ಬರೆದಾಗ ಅವನ ಬುದ್ಧಿ ಸ್ವಸ್ಥವಾಗಿದ್ದಿತೇ ಎಂಬಿಷ್ಟನ್ನೇ ಅದು ನೋಡತಕ್ಕದ್ದೆಂದು ಸುಪ್ರೀಂ ಕೋರ್ಟು 1953ರಷ್ಟು ಹಿಂದೆಯೇ ಈಶ್ವರದೇವ ನಾರಾಯಣ ಸಿಂಗ್ ಮೊಕದ್ದಮೆಯಲ್ಲಿ ಹೇಳಿದೆ. ಮನೆ ಯಾರದು ಎಂಬ ಪ್ರಶ್ನೆಗೆ ಬೇರೆ ದಾವೆ. ಅಜ್ಜ ತಾಜಮಹಲನ್ನು ಅತ್ತೆಗೆ ಬರೆದಿದ್ದರೂ ಸಹಿಸಾಕ್ಷಿ ಸರಿಯಿದ್ದಲ್ಲಿ ಪ್ರೊಬೇಟಿನ ನ್ಯಾಯಾಲಯ ಮೃತ್ಯುಪತ್ರ ನಿಜವೆಂದು ಮೊಹರು ಹಾಕೀತು. ತಾಜಮಹಲು ಮಾತ್ರ ಸಿಗದು. ಈ ನ್ಯಾಯಾಲಯದ ವ್ಯಾಖ್ಯೆಯಲ್ಲಿ ನಾವು ತಿಳಿಯಬೇಕಾದ ಮುಖ್ಯಾಂಶ ಇದೇ ಎಂದು ನನಗೆ ತೋರುತ್ತದೆ: ಅದರ ಅಧಿಕಾರ ಆಳವಾದದ್ದು, ಆದರೆ ಇಕ್ಕಟ್ಟಾದದ್ದು.

ಪ್ರತಿ ಜಿಲ್ಲೆಗೂ ನಿಜವಾಗಿಯೇ ಒಂದು ಪ್ರೊಬೇಟ್ ಕೋರ್ಟನ್ನು ಸ್ಥಾಪಿಸಬಾರದೇಕೆ ಎಂದು ನಮ್ಮ ಚರ್ಚಾಕೂಟದಲ್ಲಿ ಗೆಳತಿಯೊಬ್ಬಳು ಕೇಳಿದಳು. ನನಗೆ ಅದು ಒಪ್ಪಿಗೆಯಿಲ್ಲ. ಹೊಸ ಕೋರ್ಟು ಬಂದರೆ ಹೊಸ ಫಲಕ, ಹೊಸ ಖುರ್ಚಿ, ಅಲೆಯಲು ಇನ್ನೊಂದು ಬಾಗಿಲು. ಹಕ್ಕಿನ ದಾವೆ ಒಂದು ಕಡೆ, ಸಹಿಯ ಅರ್ಜಿ ಇನ್ನೊಂದು ಕಡೆ ಎಂಬ ತೊಡಕು ಇನ್ನಷ್ಟು ಬಿಗಿಯಾದೀತು. ಬೇಕಾದುದು ಇರುವ ಬಾಗಿಲಿನ ಮೇಲೆ ನಾಲ್ಕು ಸಾಲು ಕನ್ನಡ ಬರೆಹ: ಇಲ್ಲಿ ಏನನ್ನು ಕೇಳಬಹುದು, ಏನನ್ನು ಕೇಳಲಾಗದು, ಯಾವ ಕಾಗದ ತರಬೇಕು. ಕಚೇರಿಗಳಲ್ಲಿಯೂ ‘ಪ್ರೊಬೇಟ ತರ್ರಿ’ ಎನ್ನುವ ಮೊದಲು ಯಾವ ಕಲಮಿನ ಮೇಲೆ ಕೇಳುತ್ತೇವೆಂದು ಬರೆದುಕೊಡುವ ಪದ್ಧತಿ ಬರಬೇಕು. ಬರೆದುಕೊಡಿ ಎಂದು ಕೇಳಿದ್ದಕ್ಕೇ ಎರಡನೆಯ ಸಲ ಅತ್ತೆಯ ವರದಿಯನ್ನು ತೆಗೆದುಕೊಂಡರೆಂಬುದನ್ನು ಇಲ್ಲಿ ಹೇಳಬೇಕು. ಪದಕ್ಕೆ ಕನ್ನಡ ಹುಡುಕಬೇಕೆಂಬ ಹಟವೂ ನನಗಿಲ್ಲ. ರಜಿಸ್ಟರು, ನೋಟೀಸು, ಅಪೀಲು ನಮ್ಮವಾದಂತೆ ಪ್ರೊಬೇಟೂ ನಮ್ಮದಾಗಲಿ, ಅರ್ಥದೊಡನೆ ಆಗಲಿ.

ಅತ್ತೆ ಕಳೆದ ತಿಂಗಳು ಅರ್ಜಿ ಹಾಕಿದಳು. ಅದೇ ಮೊದಲ ಬಾಗಿಲಿನಲ್ಲಿ. ತೀರಿದವರ ವಾರಸುದಾರರಿಗೆಲ್ಲ ನೋಟೀಸು ಹೊರಟಿತು. ಒಂದು ನಮ್ಮ ಮನೆಗೂ ಬಂದಿತು, ತಂದೆಯವರ ಹೆಸರಿಗೆ. ಈ ಎರಡು ವರ್ಷಗಳಲ್ಲಿ ಅವರು ಅತ್ತೆಯ ಪರವಾಗಿಯಾಗಲಿ ಕಾಕಾನ ಪರವಾಗಿಯಾಗಲಿ ಒಂದು ಮಾತನ್ನೂ ಆಡಿದವರಲ್ಲ. ರಾತ್ರಿ ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಯಾವತ್ತಿನಂತೆ ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಮೊದಲಿನಿಂದ ಕೊನೆಯ ತನಕ ಓದಿ, ತಕರಾರಿದ್ದರೆ ಹಾಜರಾಗಿ ಹೇಳಬೇಕೆಂದಿದೆ ಎಂದು ತಿಳಿಸಿದೆ. “ತಾರೀಖ ಯಾವುದೈತಿ?” ಎಂದು ಕೇಳಿದರು. ಹೇಳಿದೆ. ನೋಟೀಸನ್ನು ನಾಲ್ಕು ಮಡಿಕೆ ಮಾಡಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಊಟಕ್ಕೆ ಕುಳಿತರು.